ಬಂದ ಹಣ ಯಾವ ತೋಡಿಗೆ ಇಳಿಯಿತು?
ಕಾಮಗಾರಿಗಳನ್ನು ಊರ ನಕ್ಷೆಯ ಮೇಲೆ ಗುರುತಿಸುವ ಕ್ರಮ

ಕಾಸರಗೋಡು ಜಿಲ್ಲೆಯ ನಮ್ಮ ಹಳ್ಳಿಗಳಿಗೆ ಅಭಿವೃದ್ಧಿಯ ಹೆಸರಿನಲ್ಲಿ ಹಣ ಬರುವ ಬಾಗಿಲು ಒಂದಲ್ಲ, ಹಲವು. ಗ್ರಾಮ ಪಂಚಾಯತಿನದು ಒಂದು, ಬ್ಲಾಕ್ ಪಂಚಾಯತಿನದು ಇನ್ನೊಂದು, ಜಿಲ್ಲಾ ಪಂಚಾಯತಿನದು ಮತ್ತೊಂದು. ಶಾಸಕರ ನಿಧಿ ಮತ್ತು ಲೋಕಸಭಾ ಸದಸ್ಯರ ನಿಧಿ ಇವುಗಳಿಂದ ಬೇರೆ. ನಬಾರ್ಡು 1995-96ರಲ್ಲಿ ಆರಂಭಿಸಿದ ಗ್ರಾಮೀಣ ಮೂಲಸೌಕರ್ಯ ನಿಧಿಯ ಸಾಲದಿಂದ ಸೇತುವೆ, ಶಾಲಾ ಕಟ್ಟಡ, ಅಣೆಕಟ್ಟುಗಳಾದುವು. ವಿಶ್ವ ಬ್ಯಾಂಕಿನ ನೆರವು ಪಡೆದ ‘ಜಲನಿಧಿ’ಯಿಂದ ಕುಡಿಯುವ ನೀರಿನ ಯೋಜನೆಗಳು ಬಂದುವು. ಇವೆಲ್ಲವುಗಳ ಮೇಲೆ ‘ಕಾಸರಗೋಡು ಪ್ಯಾಕೇಜು’ ಎಂಬುದೂ ಇದೆ.

ಪ್ರತಿಯೊಂದಕ್ಕೂ ಬೇರೆ ಕಛೇರಿ, ಬೇರೆ ಕಡತ. ಕಡತದಲ್ಲಿ ಮೊತ್ತವಿರುತ್ತದೆ, ದಿನಾಂಕವಿರುತ್ತದೆ, ಇಂಜಿನಿಯರರ ರುಜುವೂ ಇರುತ್ತದೆ. ಆದರೆ ಬೇಸಾಯಗಾರನು ಕೇಳುವ ಪ್ರಶ್ನೆ ಒಂದೇ: ಅದು ಎಲ್ಲಿದೆ? ‘ವಾರ್ಡಿನ ತೋಡಿಗೆ ಕಿಂಡಿ ಅಣೆಕಟ್ಟು’ ಎಂಬ ಒಂದು ಸಾಲಿನಿಂದ ಇದಕ್ಕೆ ಉತ್ತರ ದೊರೆಯುವುದಿಲ್ಲ. ತೋಡು ಎರಡು ಮೈಲು ಉದ್ದಕ್ಕೆ ಹರಿಯುತ್ತದೆ. ಅದರ ಯಾವ ಬೈಲಿನಲ್ಲಿ, ಯಾರ ವರ್ಗ ಸ್ಥಳದ ಪಕ್ಕದಲ್ಲಿ ಎಂಬುದು ತಿಳಿಯದೆ ಹೋದರೆ ಆ ಲೆಕ್ಕವನ್ನು ಪರೀಕ್ಷಿಸುವ ದಾರಿಯೇ ಇಲ್ಲ.

ಆದುದರಿಂದ ನಾವು ಈ ವಾರ ಒಂದು ಸರಳವಾದ ಕ್ರಮವನ್ನು ವಾಚಕರ ಮುಂದಿಡುತ್ತೇವೆ. ಊರಿಗೆ ಬಂದ ಪ್ರತಿಯೊಂದು ಕಾಮಗಾರಿಯನ್ನೂ ಊರ ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ಗುರುತಿಸುವುದೇ ಆ ಕ್ರಮ. ಇದಕ್ಕೆ ದೊಡ್ಡ ವಿದ್ಯೆ ಬೇಡ. ನಡೆಯುವ ಕಾಲು, ಊರಿನ ತೋಡು ಬಲ್ಲ ಹಿರಿಯರು, ಬರೆಯಬಲ್ಲ ಒಬ್ಬ ತರುಣ, ಇಷ್ಟಿದ್ದರೆ ಸಾಕು.

ಪಟ್ಟಿಗೂ ನಕ್ಷೆಗೂ ಇರುವ ಭೇದ

ಒಂದು ಉದಾಹರಣೆಯನ್ನು ಎಣಿಸಿಕೊಳ್ಳೋಣ. ಗುಡ್ಡದಿಂದ ಇಳಿದು ಬರುವ ಒಂದು ತೋಡು ಮೇಲಿನ ಬೈಲು, ನಡುಬೈಲು, ಕೆಳಗಿನ ಬೈಲು ಎಂಬ ಮೂರು ಕಡೆ ಹಾದು ಹೊಳೆ ಸೇರುತ್ತದೆ. ಹತ್ತು ವರ್ಷಗಳಲ್ಲಿ ಈ ತೋಡಿಗೆ ನಾಲ್ಕು ಕಛೇರಿಗಳಿಂದ ನಾಲ್ಕು ಕಿಂಡಿ ಅಣೆಕಟ್ಟುಗಳು ಮಂಜೂರಾಗಿವೆ. ನಾಲ್ಕು ಪಟ್ಟಿಗಳಲ್ಲಿ ನಾಲ್ಕು ಹೆಸರುಗಳು. ಒಬ್ಬರು ತೋಡಿನ ಹೆಸರು ಬರೆದಿದ್ದಾರೆ, ಇನ್ನೊಬ್ಬರು ಸಮೀಪದ ದೈವಸ್ಥಾನದ ಹೆಸರು, ಮತ್ತೊಬ್ಬರು ಶಾಲೆಯ ಹೆಸರು, ನಾಲ್ಕನೆಯವರು ವಾರ್ಡಿನ ನಂಬ್ರ ಮಾತ್ರ. ಪಟ್ಟಿಗಳನ್ನು ಓದಿದವರಿಗೆ ಊರಿಗೆಲ್ಲ ನೀರು ನಿಂತಿತೆಂದೇ ತೋರುವುದು.

ಇದನ್ನು ನಕ್ಷೆಗೆ ಇಳಿಸಿ ನೋಡಿರಿ. ಮೂರು ಚುಕ್ಕೆಗಳು ನಡುಬೈಲಿನಲ್ಲಿ ಎರಡು ಫರ್ಲಾಂಗಿನ ಒಳಗೇ ಬೀಳಬಹುದು. ನಾಲ್ಕನೆಯದನ್ನು ಇಡಲು ಸ್ಥಳವೇ ಸಿಕ್ಕದಿರಬಹುದು. ಕೆಳಗಿನ ಬೈಲು ಬರಿದಾಗಿಯೇ ಉಳಿದಿರಬಹುದು. ಮೂರು ಹತ್ತಿರ ಹತ್ತಿರ ಇದ್ದ ಮಾತ್ರಕ್ಕೆ ಮೋಸವೆಂದು ಹೇಳಲಾಗದು, ಒಂದಕ್ಕಿಂತ ಹೆಚ್ಚು ಅಣೆ ಬೇಕಾಗುವ ತೋಡುಗಳೂ ಇವೆ. ಆದರೆ ಪ್ರಶ್ನೆ ಕೇಳಬೇಕಾದ ಸ್ಥಳ ಯಾವುದೆಂಬುದನ್ನು ನಕ್ಷೆಯು ಬೆರಳಿಟ್ಟು ತೋರಿಸುತ್ತದೆ. ಪಟ್ಟಿಯಿಂದ ಅಷ್ಟು ಕೆಲಸ ಆಗದು.

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಾಡಿದು. ಆದಾಗ್ಯೂ ಮುರಕಲ್ಲಿನ ಗುಡ್ಡಗಳಿಂದ ನೀರು ಬೇಗ ಬಸಿದು ಹೋಗುತ್ತದೆ. ಪಗ್ಗು ತಿಂಗಳಿಗೆ ಅಡಿಕೆ ತೋಟದ ಕೆರೆಗಳ ತಳ ಕಾಣುತ್ತದೆ. ನಮ್ಮ ಹಿರಿಯರು ಬಾಯಾರಿನಂತಹ ಊರುಗಳಲ್ಲಿ ಗುಡ್ಡ ಕೊರೆದು ಸುರಂಗ ಮಾಡಿದ್ದೂ, ಏತಡ್ಕದಂತಹ ಕಡೆ ವರ್ಷವರ್ಷವೂ ಕಲ್ಲು ಮಣ್ಣಿನ ಕಟ್ಟ ಕಟ್ಟಿದ್ದೂ ಇದೇ ಕಾರಣದಿಂದ. ತಪ್ಪಿದ ಸ್ಥಳದಲ್ಲಿ ಎದ್ದ ಒಂದು ಅಣೆಕಟ್ಟೆಂದರೆ ಒಂದು ಬೈಲಿನ ಎರಡನೆಯ ಬೆಳೆ ಹೋದಂತೆ.

ಹೊರದೇಶಗಳಲ್ಲಿ ನಡೆದ ಕೆಲಸ

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಬಡ ದೇಶಗಳಿಗೆ ಹೊರಗಿನವರು ಕೊಡುವ ನೆರವಿನ ಹಣ ಎಲ್ಲಿ ಇಳಿಯುತ್ತದೆ ಎಂಬುದು ಕೊಟ್ಟವರಿಗೂ ಪಡೆದವರಿಗೂ ಬಹುಕಾಲ ಸರಿಯಾಗಿ ತಿಳಿಯುತ್ತಿರಲಿಲ್ಲ. ವಿಶ್ವ ಬ್ಯಾಂಕಿನವರು 2010ರಲ್ಲಿ ತಮ್ಮ ಯೋಜನೆಗಳನ್ನು ನಕ್ಷೆಯ ಮೇಲೆ ತೋರಿಸತೊಡಗಿದರು. ಆಫ್ರಿಕಾ ಖಂಡದ ಮಲಾವಿ ದೇಶದ ಹಣಕಾಸು ಇಲಾಖೆಯು ಆ ಬಳಿಕ ಅಮೇರಿಕದ ‘ಏಡ್‌ಡೇಟಾ’ ಸಂಶೋಧಕರೊಡನೆ ಸೇರಿ, ಸುಮಾರು 30 ದಾನಿ ಸಂಸ್ಥೆಗಳ ಐನೂರಕ್ಕೂ ಮಿಕ್ಕಿದ ಯೋಜನೆಗಳನ್ನು ಒಂದೇ ನಕ್ಷೆಗೆ ಇಳಿಸಿತು. ಗುರುತಿಸಿದ ಸ್ಥಳಗಳು ಸುಮಾರು 2,500. ಯಾವ ಜಿಲ್ಲೆಯಲ್ಲಿ ದಾನಿಗಳು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ, ಯಾವುದನ್ನು ಯಾರೂ ನೋಡಿಲ್ಲ ಎಂಬುದನ್ನು ಇದರಿಂದ ಒಂದೇ ನೋಟದಲ್ಲಿ ಕಾಣುವಂತಾಯಿತು.

ಅವರ ಕೆಲಸದಿಂದ ನಾವು ಕಲಿಯತಕ್ಕ ಒಂದು ಮುಖ್ಯ ಪಾಠವಿದೆ. ಪ್ರತಿಯೊಂದು ಚುಕ್ಕೆಗೂ ಅವರು ಒಂದು ಅಂಕೆ ಕೊಡುತ್ತಾರೆ. 1 ಎಂದಿದ್ದರೆ ಸ್ಥಳ ನಿಖರವಾಗಿ ತಿಳಿದಿದೆ, 2 ಎಂದಿದ್ದರೆ ಆಸುಪಾಸು ತಿಳಿದಿದೆ, 3 ಎಂದಿದ್ದರೆ ಜಿಲ್ಲೆ ಮಾತ್ರ ತಿಳಿದಿದೆ, ಹೀಗೆ ಮುಂದಕ್ಕೆ. ಈ ಅಂಕೆ ಇಲ್ಲದಿದ್ದರೆ ಆಗುವ ಕೇಡೇನು? ಸ್ಥಳ ಗೊತ್ತಿಲ್ಲದ ಕೆಲಸಗಳೆಲ್ಲ ಜಿಲ್ಲೆಯ ಮುಖ್ಯ ಪಟ್ಟಣದ ಮೇಲೆ ಚುಕ್ಕೆಗಳಾಗಿ ಬೀಳುತ್ತವೆ. ಆಗ ಪಟ್ಟಣಕ್ಕೇ ಎಲ್ಲವೂ ದೊರೆತಂತೆ ಕಾಣುತ್ತದೆ. ಹೀಗೆ ಸುಳ್ಳು ನಕ್ಷೆಯು ಸುಳ್ಳು ಪಟ್ಟಿಗಿಂತ ಹೆಚ್ಚು ಹಾನಿಯನ್ನುಂಟುಮಾಡಬಲ್ಲುದು, ಏಕೆಂದರೆ ಚಿತ್ರವನ್ನು ಜನರು ಬೇಗ ನಂಬುತ್ತಾರೆ.

ನಮ್ಮ ದೇಶದಲ್ಲಿ, ನಮ್ಮ ಜಿಲ್ಲೆಯಲ್ಲಿ

ನಮ್ಮ ದೇಶದಲ್ಲಿ ಈ ದಾರಿಯನ್ನು ತೆರೆದವರು ರಾಜಸ್ಥಾನದ ಹಳ್ಳಿಗರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಊರಿನಲ್ಲಿ ಜನರನ್ನು ಕೂಡಿಸಿ, ಕಾಮಗಾರಿಗಳ ಲೆಕ್ಕವನ್ನು ಎಲ್ಲರ ಎದುರಿಗೆ ಓದಿಸಿದರು. ಕೂಲಿ ಪಡೆದೆನೆಂದು ಕಾಗದದಲ್ಲಿ ಇದ್ದವನು ಅಲ್ಲೇ ಎದ್ದು ನಿಂತು ಇಲ್ಲವೆನ್ನಬಹುದಾದ ಸಭೆ ಅದು. ಈ ಚಳವಳಿ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ಕಾರಣವಾಯಿತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯನ್ನು ಸೇರಿಸಲಾಯಿತು. 2016ರಲ್ಲಿ ಇಸ್ರೋದವರ ‘ಭುವನ್’ ನಕ್ಷೆಯ ಮೇಲೆ ಉದ್ಯೋಗ ಖಾತ್ರಿಯ ಕೆಲಸಗಳನ್ನು ಚಿತ್ರಸಹಿತ ಗುರುತಿಸುವ ಏರ್ಪಾಡಾಯಿತು. 2017ರ ನವೆಂಬರಿನಿಂದ ಕೆಲಸಕ್ಕೆ ಮುಂಚೆ, ಕೆಲಸ ನಡೆಯುವಾಗ, ಕೆಲಸ ಮುಗಿದ ಮೇಲೆ ಎಂದು ಮೂರು ಸಲ ಚಿತ್ರ ತೆಗೆಯುವ ನಿಯಮ ಬಂತು.

ಕೇರಳಕ್ಕೆ ಈ ವಿಷಯದಲ್ಲಿ ಹಳೆಯ ಅನುಭವವಿದೆ. ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿ ಪಂಚಾಯತಿನಲ್ಲಿ 1990ರ ಸುಮಾರಿಗೆ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಸ್ವಯಂಸೇವಕರು ವಿಜ್ಞಾನಿಗಳ ಜತೆಗೆ ಸೇರಿ ಊರಿನ ನೆಲ, ನೀರು, ಬೆಳೆಗಳನ್ನು ಸರ್ವೆ ನಕ್ಷೆಯ ಮೇಲೆ ತಾವೇ ಗುರುತಿಸಿದರು. 1996ರಲ್ಲಿ ಜನಕೀಯ ಯೋಜನೆ ಬಂದು, ರಾಜ್ಯದ ಯೋಜನಾ ಹಣದ ಮೂರನೆಯ ಒಂದಕ್ಕಿಂತಲೂ ಹೆಚ್ಚು ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡುವುದೆಂದಾದಾಗ ಇಂತಹ ಕೆಲಸದ ಬೆಲೆ ಎಲ್ಲರಿಗೂ ತಿಳಿಯಿತು.

ಇನ್ನು ನಮ್ಮ ಜಿಲ್ಲೆಯ ಮಾತು. ಕಾಸರಗೋಡಿನ ಹಿಂದುಳಿದ ಸ್ಥಿತಿಯನ್ನು ಪರಿಶೀಲಿಸಲು 2012ರಲ್ಲಿ ನೇಮಿಸಿದ ಪಿ. ಪ್ರಭಾಕರನ್ ಆಯೋಗವು ಹನ್ನೊಂದು ಸಾವಿರ ಕೋಟಿ ರೂಪಾಯಿಗಳಿಗೂ ಮಿಕ್ಕಿದ ನಾನೂರಕ್ಕೂ ಹೆಚ್ಚು ಯೋಜನೆಗಳನ್ನು ಸೂಚಿಸಿತು. ಕಾಸರಗೋಡು ಪ್ಯಾಕೇಜೆಂಬುದು ಇದರಿಂದ ಹುಟ್ಟಿದ್ದು. ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳು, 3 ನಗರಸಭೆಗಳು ಇವೆ. ಮೊತ್ತ ದೊಡ್ಡದು ಎಂದು ಹೇಳಿದ ಮಾತ್ರಕ್ಕೆ ದೇಲಂಪಾಡಿಗೆ ಎಷ್ಟು, ವರ್ಕಾಡಿಗೆ ಎಷ್ಟು, ಪುತ್ತಿಗೆಯ ಯಾವ ಬೈಲಿಗೆ ಎಷ್ಟು ಎಂಬುದು ತಿಳಿಯದು. ಅದನ್ನು ತಿಳಿಯುವುದು ನಕ್ಷೆಯಿಂದ.

ಎಂಡೋಸಲ್ಫಾನಿನ ವಿಷಯದಲ್ಲಿಯೂ ಹಾಗೆಯೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ವಿಷ ಸಿಂಪಡಿಸುವುದು 2000ದಲ್ಲಿ ನಿಂತಿತು. ಬಳಿಕ ಬಂದ ನೆರವಿನ ಕೆಲಸಗಳಿಗೆ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ಮುಳಿಯಾರು ಮೊದಲಾದ 11 ಪಂಚಾಯತುಗಳ ಪಟ್ಟಿಯೇ ಆಧಾರವಾಯಿತು. ಕಛೇರಿಗೆ ಪಟ್ಟಿ ಬೇಕು, ಸರಿ. ಆದರೆ ಗಾಳಿಗೂ ತೋಡಿನ ನೀರಿಗೂ ಪಂಚಾಯತಿನ ಗಡಿಕಲ್ಲು ಕಾಣಿಸುವುದಿಲ್ಲ. ಗೇರು ತೋಟದ ಅಂಚು, ಅಲ್ಲಿಂದ ಇಳಿಯುವ ತೋಡು, ಅದರ ಬದಿಯ ಕುಡಿಯುವ ನೀರಿನ ಬಾವಿಗಳು, ನೆರವಿನಿಂದಾದ ಟಾಂಕಿಗಳು ಇವನ್ನು ಒಂದೇ ನಕ್ಷೆಯ ಮೇಲೆ ಇಟ್ಟರೆ ನೆರವು ತಲಪದೆ ಉಳಿದ ಮೂಲೆ ಯಾವುದೆಂದು ಕಾಣುವುದು. ಒಂದು ಎಚ್ಚರಿಕೆ: ರೋಗಿಗಳ ಹೆಸರನ್ನಾಗಲಿ ಅವರ ಮನೆಗಳನ್ನಾಗಲಿ ನಕ್ಷೆಯಲ್ಲಿ ಬರೆಯಕೂಡದು. ಗುರುತಿಸಬೇಕಾದುದು ಸಾರ್ವಜನಿಕ ಹಣದಿಂದಾದ ಕೆಲಸವನ್ನು, ಒಬ್ಬರ ಮನೆಯ ಸಂಕಟವನ್ನಲ್ಲ.

ನಕ್ಷೆ ಮಾಡುವ ವಿಧಾನ

ಒಂದು ವಾರ್ಡನ್ನು ಮಾತ್ರ ತೆಗೆದುಕೊಂಡು ಆರಂಭಿಸತಕ್ಕದ್ದು. ಪಂಚಾಯತಿಡೀ ಒಮ್ಮೆಗೇ ಮಾಡಹೊರಟರೆ ಅರ್ಧದಲ್ಲಿ ನಿಲ್ಲುತ್ತದೆ.

1. ನಕ್ಷೆ. ಗ್ರಾಮ ಕಛೇರಿಯಲ್ಲಿರುವ ಸರ್ವೆ ನಕ್ಷೆಯನ್ನು ನೋಡಿ ವಾರ್ಡಿನ ತೋಡು, ದಾರಿ, ಗುಡ್ಡ, ಕುಮ್ಕಿ, ಬೈಲುಗಳನ್ನು ದೊಡ್ಡ ಕಾಗದಕ್ಕೆ ಇಳಿಸಿಕೊಳ್ಳಿರಿ. ಕೇರಳದಲ್ಲಿ 2022ರ ನವೆಂಬರ್ 1ರಂದು ಡಿಜಿಟಲ್ ಮರುಸರ್ವೆ ಆರಂಭವಾಗಿದೆ. ಅದರ ‘ಎಂಡೆ ಭೂಮಿ’ ವ್ಯವಸ್ಥೆ 2024ರಲ್ಲಿ ಮೊದಲು ಜಾರಿಗೆ ಬಂದುದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ. ಮರುಸರ್ವೆ ಆದ ಕಡೆ ಹಳೆಯ ನಂಬ್ರ, ಹೊಸ ನಂಬ್ರ ಎರಡನ್ನೂ ಬರೆದುಕೊಳ್ಳಬೇಕು. ಹಳೆಯ ಕಾಮಗಾರಿಗಳ ಕಡತದಲ್ಲಿ ಹಳೆಯ ನಂಬ್ರವೇ ಇರುತ್ತದೆ.

2. ಪಟ್ಟಿ. ಹಿಂದಿನ ಐದು ವರ್ಷಗಳಲ್ಲಿ ವಾರ್ಡಿಗೆ ಬಂದ ಕಾಮಗಾರಿಗಳ ಪಟ್ಟಿಯನ್ನು ಪಂಚಾಯತಿನಿಂದ ಕೇಳಿ ಪಡೆಯಿರಿ. ತನ್ನ ವಾರ್ಡಿನ ಕಾಮಗಾರಿಗಳ ಅಂದಾಜುಪಟ್ಟಿಯ ವಿವರ ತಿಳಿಯುವ ಹಕ್ಕು ಗ್ರಾಮಸಭೆಗೆ ಇದೆ. ಅಲ್ಲಿ ದೊರೆಯದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬೇಕು. ಬಡತನದ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಉತ್ತರ 30 ದಿನಗಳೊಳಗೆ ಬರಬೇಕು, ಬಾರದಿದ್ದರೆ ಮೇಲಧಿಕಾರಿಗೆ ಅಪೀಲು ಹೋಗಬಹುದು. ಅಂದಾಜುಪಟ್ಟಿ, ಅಳತೆ ಪುಸ್ತಕ, ಕೊನೆಯ ಬಿಲ್ಲು ಈ ಮೂರರ ಪ್ರತಿಗಳನ್ನು ಹೆಸರಿಸಿ ಕೇಳಿರಿ. ಇದೇ ಕಾಯ್ದೆಯಂತೆ ಕಾಗದಗಳನ್ನು ಮಾತ್ರವಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ ಹಕ್ಕೂ ನಾಗರಿಕನಿಗೆ ಇದೆಯೆಂಬುದು ಅನೇಕರಿಗೆ ತಿಳಿಯದು.

3. ಹೆಸರು. ಒಂದೇ ಊರಿಗೆ ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಇನ್ನೊಂದು ಹೆಸರಿರುವುದು ನಮ್ಮಲ್ಲಿ ಸಾಮಾನ್ಯ. ಬೇಡಡ್ಕವೂ ಬೇಡಗವೂ ಬೇರೆಯೆಂದು ಹೊರಗಿನವರು ತಿಳಿದಾರು. ತುಳುವಿನ ಹೆಸರು ಮೂರನೆಯದು. ಎಲ್ಲವನ್ನೂ ಪಕ್ಕಪಕ್ಕದಲ್ಲಿ ಬರೆದಿಡಿರಿ. ಇಲ್ಲವಾದರೆ ಒಂದೇ ಕೆಲಸ ಎರಡಾಗಿ ಎಣಿಕೆಗೆ ಬರುವುದು, ಇಲ್ಲವೆ ಎರಡು ಕೆಲಸ ಒಂದಾಗಿ ಮರೆಯಾಗುವುದು.

4. ನಡಿಗೆ. ಪಟ್ಟಿ ಹಿಡಿದು ತೋಡಿನ ಬುಡದಿಂದ ತುದಿಯವರೆಗೆ ನಡೆಯಿರಿ. ಪ್ರತಿ ಕೆಲಸದ ಎದುರಿಗೆ ಬರೆಯಬೇಕಾದುದು: ಕೆಲಸದ ಹೆಸರು, ವರ್ಷ, ಹಣ ಕೊಟ್ಟವರು, ಮಂಜೂರಾದ ಮೊತ್ತ, ಖರ್ಚಾದ ಮೊತ್ತ, ಸರ್ವೆ ನಂಬ್ರ, ಇಂದಿನ ಸ್ಥಿತಿ. ಮಂಜೂರಾದ ಮೊತ್ತಕ್ಕೂ ಖರ್ಚಾದ ಮೊತ್ತಕ್ಕೂ ಭೇದವಿದೆ, ಎರಡನ್ನೂ ಒಂದೇ ಎಂದು ತಿಳಿದು ಆಡಿದರೆ ಸಭೆಯಲ್ಲಿ ನಗೆಗೀಡಾಗುವೆವು.

5. ಅಂಕೆ. ಕೈಯಲ್ಲಿ ಸ್ಮಾರ್ಟ್ ಫೋನು ಇದ್ದವರು ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಳ್ಳಬಹುದು. ನಮ್ಮ ಜಿಲ್ಲೆಯಲ್ಲಿ ಅಕ್ಷಾಂಶವು 12ರಿಂದ, ರೇಖಾಂಶವು 74 ಅಥವಾ 75ರಿಂದ ಆರಂಭವಾಗಬೇಕು. ಹಾಗಿಲ್ಲದಿದ್ದರೆ ಬರೆಯುವಲ್ಲಿ ತಪ್ಪಿದೆ. ಬಿಂದುವಿನ ಬಳಿಕ ನಾಲ್ಕು ಅಂಕೆಗಳಿದ್ದರೆ ಸ್ಥಳವು ಸುಮಾರು 11 ಮೀಟರಿನೊಳಗೆ ತಿಳಿಯುತ್ತದೆ, ಮೂರಿದ್ದರೆ ನೂರಕ್ಕೂ ಮಿಕ್ಕಿ ಮೀಟರಿನ ವ್ಯತ್ಯಾಸ ಬರಬಹುದು. ಎರಡೇ ಇದ್ದರೆ ಒಂದು ಕಿಲೋಮೀಟರಿಗೂ ಹೆಚ್ಚು, ಅಂದರೆ ಆ ಅಣೆಕಟ್ಟು ಪಕ್ಕದ ಊರಿನಲ್ಲಿದ್ದರೂ ಇರಬಹುದು.

6. ಗುರುತು. ಮಲಾವಿಯವರ ಅಂಕೆಯ ಪಾಠವನ್ನು ನಾವು ಮೂರು ಬಣ್ಣಗಳಲ್ಲಿ ಮಾಡಿಕೊಳ್ಳಬಹುದು. ಕಣ್ಣಾರೆ ಕಂಡು ದೃಢಪಟ್ಟ ಕೆಲಸಕ್ಕೆ ಹಸುರು ಚುಕ್ಕೆ. ಕಡತದಲ್ಲಿ ಸ್ಥಳ ಹೇಳಿದೆ, ಆದರೆ ಅಲ್ಲಿ ಕಾಣಲಿಲ್ಲ ಎಂಬುದಕ್ಕೆ ಕೆಂಪು. ವಾರ್ಡು ಮಾತ್ರ ತಿಳಿದಿದೆ, ಸ್ಥಳ ಹೇಳಿಲ್ಲ ಎಂಬವುಗಳನ್ನು ನಕ್ಷೆಯ ಒಳಗೆ ಹಾಕದೆ, ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಸಾಲಾಗಿ ಬರೆಯಬೇಕು.

ನೋಡತಕ್ಕ ಕಾಲ

ಯಾವ ಕೆಲಸವನ್ನು ಯಾವ ತಿಂಗಳಲ್ಲಿ ನೋಡಬೇಕೆಂಬುದು ಬೇಸಾಯಗಾರರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಕಛೇರಿಯ ಚಿತ್ರಗಳಲ್ಲಿ ಇದು ತಪ್ಪಿಹೋಗುತ್ತದೆ. ಕಿಂಡಿ ಅಣೆಕಟ್ಟಿನ ಚಿತ್ರವನ್ನು ಆಟಿ ತಿಂಗಳ ನೆರೆಯಲ್ಲಿ ತೆಗೆದರೆ ಅದರಿಂದ ಏನೂ ತಿಳಿಯದು. ಮಳೆ ನಿಂತು ತೋಡಿನ ಹರಿವು ಇಳಿದಾಗ ಹಲಗೆ ಹಾಕಬೇಕು. ಜನವರಿ, ಫೆಬ್ರವರಿಗಳಲ್ಲಿ ಹೋಗಿ ನೋಡಿದರೆ ಹಲಗೆ ಇದೆಯೇ, ಸಂದಿನಲ್ಲಿ ನೀರು ಸೋರುತ್ತಿದೆಯೇ, ಹಿಂದೆ ಹೂಳು ತುಂಬಿದೆಯೇ ಎಂಬುದು ಗೊತ್ತಾಗುತ್ತದೆ. ಹಲಗೆಯಿಲ್ಲದ ಕಿಂಡಿ ಅಣೆಕಟ್ಟು ತೋಡಿಗೆ ಅಡ್ಡವಾಗಿ ನಿಂತ ಕಾಂಕ್ರೀಟು ಕಂಬಗಳಷ್ಟೆ. ಕುಡಿಯುವ ನೀರಿನ ಯೋಜನೆಯನ್ನು ಏಪ್ರಿಲಿನಲ್ಲಿಯೂ, ತೋಟದ ದಾರಿಯನ್ನು ಜುಲಾಯಿಯಲ್ಲಿಯೂ ನೋಡಿರಿ. ‘ಇಂದಿನ ಸ್ಥಿತಿ’ ಎಂದು ಬರೆಯುವಲ್ಲಿ ನೋಡಿದ ದಿನಾಂಕವನ್ನು ತಪ್ಪದೆ ಸೇರಿಸಬೇಕು.

ಗ್ರಾಮಸಭೆಯ ಮುಂದಿಡುವ ಬಗೆ

ನಕ್ಷೆ ಸಿದ್ಧವಾದೊಡನೆ ಕೆಂಪು ಚುಕ್ಕೆಗಳನ್ನು ಹಿಡಿದು ಜಗಳಕ್ಕೆ ಹೋಗುವುದು ಸರಿಯಲ್ಲ. ಕೆಂಪು ಚುಕ್ಕೆಗೆ ನಾನಾ ಕಾರಣಗಳಿರಬಹುದು. ಜಾಗದವರು ಒಪ್ಪದೆ ಕೆಲಸವನ್ನು ಬೇರೆ ಕಡೆಗೆ ಒಯ್ದಿರಬಹುದು, ನೆರೆಗೆ ಕೊಚ್ಚಿ ಹೋಗಿರಬಹುದು, ಸರ್ವೆ ನಂಬ್ರ ಬರೆಯುವಲ್ಲಿ ಕೈತಪ್ಪಾಗಿರಬಹುದು. ಮೊದಲು ಪಂಚಾಯತಿನ ಇಂಜಿನಿಯರರಿಗೂ ವಾರ್ಡಿನ ಸದಸ್ಯರಿಗೂ ತೋರಿಸಿ, ಅವರ ಉತ್ತರವನ್ನು ನಕ್ಷೆಯ ಬದಿಯಲ್ಲಿ ಬರೆದುಕೊಳ್ಳಿರಿ. ಉತ್ತರವಿಲ್ಲದೆ ಉಳಿದವುಗಳನ್ನು ಮಾತ್ರ ಗ್ರಾಮಸಭೆಗೆ ತನ್ನಿರಿ. ಹೀಗೆ ಮಾಡಿದರೆ ನಿಮ್ಮ ಮಾತಿಗೆ ತೂಕ ಬರುವುದು.

ಕೆಂಪು ಚುಕ್ಕೆಗಳಿಗಿಂತಲೂ ಹೆಚ್ಚಾಗಿ ನೋಡಬೇಕಾದುದು ಬರಿದಾದ ಜಾಗವನ್ನು. ಹತ್ತು ವರ್ಷಗಳಿಂದ ಒಂದು ಚುಕ್ಕೆಯೂ ಬೀಳದ ಬೈಲು ಯಾವುದು, ಕಾಲನಿ ಯಾವುದು? ಅಲ್ಲಿಯವರು ಸಭೆಗೆ ಬರುವವರಲ್ಲ, ಬಂದರೂ ಕೇಳುವವರಲ್ಲ. ಪಟ್ಟಿಯಲ್ಲಿ ಅವರ ಹೆಸರಿಲ್ಲದುದು ಯಾರಿಗೂ ಕಾಣುವುದಿಲ್ಲ, ನಕ್ಷೆಯಲ್ಲಿ ಮಾತ್ರ ಆ ಬಿಳಿ ಜಾಗ ಕಣ್ಣಿಗೆ ಬೀಳುತ್ತದೆ. ಮುಂದಿನ ವರ್ಷದ ಯೋಜನೆ ಬರೆಯುವಾಗ ಆ ಬಿಳಿ ಜಾಗದಿಂದ ಆರಂಭಿಸಬೇಕೆಂದು ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿಸಿದರೂ ನಿಮ್ಮ ನಡಿಗೆ ಸಾರ್ಥಕವಾದಂತೆ.

ಭಾಷೆಯ ವಿಷಯ

ಕಾಮಗಾರಿಯ ಫಲಕಗಳೂ ಕಡತಗಳೂ ಮಲಯಾಳದಲ್ಲಿಯೇ ಇರುವುದರಿಂದ ಲೆಕ್ಕ ಕೇಳಲು ಹಿಂಜರಿಯುವ ಹಿರಿಯರು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗೆ ನಾವು ಎರಡು ಮಾತು ಹೇಳುತ್ತೇವೆ. ಒಂದು, ತೋಡನ್ನೂ ದಾರಿಯನ್ನೂ ಗುರುತಿಸಿದ ನಕ್ಷೆಯನ್ನು ಅಕ್ಷರ ಬಾರದವರೂ ಓದಬಲ್ಲರು. ತನ್ನ ಬೈಲು ಎಲ್ಲಿದೆ, ಕಟ್ಟ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಯಾವ ಭಾಷೆಯೂ ಬೇಡ. ಇನ್ನೊಂದು, ಕುಂದುಕೊರತೆಗಳ ಪರಿಹಾರಕ್ಕಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಎಲ್ಲರಿಗೂ ಕೊಟ್ಟಿದೆ. ಮನವಿಯನ್ನು ಕನ್ನಡದಲ್ಲಿ ಬರೆದು, ಕೆಲಸ ಬೇಗ ಸಾಗುವಂತೆ ಮಲಯಾಳದ ಒಂದು ಪ್ರತಿಯನ್ನೂ ಜತೆಗಿಡುವುದು ಜಾಣತನ. ನಕ್ಷೆಯಲ್ಲಿ ಎರಡೂ ಲಿಪಿಗಳಿದ್ದರೆ ನೆರೆಮನೆಯ ಮಲಯಾಳಿ ಬೇಸಾಯಗಾರನೂ ನಿಮ್ಮ ಜತೆಗೆ ನಿಲ್ಲುವನು. ತೋಡಿನ ನೀರು ಅವನ ಗದ್ದೆಗೂ ಬೇಕು.

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂದು ಗಾದೆಯಿದೆ. ಸರಕಾರದ ಹಣದ ವಿಷಯದಲ್ಲಿ ಈ ಗಾದೆಯನ್ನು ಹೇಳಿ ಸುಮ್ಮನಾಗುವ ರೂಢಿ ನಮ್ಮಲ್ಲಿ ಬಂದಿದೆ. ವರ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂಬುದನ್ನು ನಡೆದು ನೋಡಿ ಬರೆದಿಡುವುದು ಅದಕ್ಕಿಂತ ಒಳ್ಳೆಯದು. ಈ ಸಲ ಮಳೆ ನಿಂತು ಹಲಗೆ ಹಾಕುವ ಕಾಲ ಬಂದಾಗ, ಪ್ರತಿ ವಾರ್ಡಿನಿಂದ ನಾಲ್ಕು ಮಂದಿಯಾದರೂ ಒಂದು ತೋಡನ್ನು ಬುಡದಿಂದ ತುದಿಯವರೆಗೆ ನಡೆದು ನೋಡಲಿ. ಒಂದು ತೋಡಿನ ನಕ್ಷೆ ಸರಿಯಾಗಿ ಆದರೆ ಎರಡನೆಯದಕ್ಕೆ ಯಾರೂ ಕರೆಯಬೇಕಾಗಿಲ್ಲ.